ಮಲ್ಟಿಟ್ರ್ಯಾಕ್ ಧ್ವನಿಮುದ್ರಣದಲ್ಲಿ ಮಾನಿಟರಿಂಗ್

ಮಾನಿಟರಿಂಗ್ ಎಂದರೆ ಧ್ವನಿಮುದ್ರಣದ ಸಮಯದಲ್ಲಿ ಯಂತ್ರದೊಳಕ್ಕೆ ಹೋಗುತ್ತಿರುವ, ಅದರಲ್ಲಿ ಈಗಾಗಲೇ ದಾಖಲಾಗಿರುವ ಹಾಗೂ ಅದರಿಂದ ಹೊರಬರುತ್ತಿರುವ ಧ್ವನಿಸಂಕೇತಗಳನ್ನು ಕಿವಿಯಿಂದ ಆಲಿಸಿ, ಮಾಪಕಗಳಲ್ಲಿ ನೋಡಿ ಪರಿಶೀಲಿಸುವ ಕ್ರಿಯೆ. ಮಲ್ಟಿಟ್ರ್ಯಾಕ್ ಅಥವಾ ಬಹುಪಥ ಧ್ವನಿಮುದ್ರಣದಲ್ಲಿ ಒಂದೊಂದು ವಾದ್ಯವನ್ನೂ ಕಂಠವನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ, ಹಲವು ವೇಳೆ ಬೇರೆ ಬೇರೆ ದಿನಗಳಲ್ಲಿ, ದಾಖಲಿಸಲಾಗುತ್ತದೆ. ಹೊಸ ಟ್ರ್ಯಾಕ್ ನುಡಿಸುವವರು ಹಳೆಯ ಟ್ರ್ಯಾಕ್‌ಗಳನ್ನು ಕೇಳುತ್ತಲೇ ನುಡಿಸಬೇಕಾಗುವುದರಿಂದ ಈ ವಿಧಾನವು ಮಾನಿಟರಿಂಗ್ ಇಲ್ಲದೆ ನಡೆಯುವುದೇ ಇಲ್ಲ.

ವೃತ್ತಿಪರ ಸ್ಟುಡಿಯೊದಲ್ಲಿ ಹಾಡುವವರು ಒಂದು ಕೋಣೆಯಲ್ಲಿಯೂ ಆಲಿಸುವ ತಂತ್ರಜ್ಞರು ಇನ್ನೊಂದು ಕೋಣೆಯಲ್ಲಿಯೂ ಇರುತ್ತಾರೆ. ಮನೆಯ ಧ್ವನಿಮುದ್ರಣದಲ್ಲಿ ಈ ಎರಡು ಕೆಲಸಗಳೂ ಸಾಮಾನ್ಯವಾಗಿ ಒಬ್ಬರ ಮೇಲೆಯೇ ಬೀಳುತ್ತವೆ. ಹಾಡುತ್ತಿರುವಾಗ ಗಮನಕ್ಕೆ ಬಾರದ ದೋಷವೊಂದು ಅದರ ಮೇಲೆ ಇನ್ನೂ ಮೂರು ಪದರಗಳನ್ನು ಸೇರಿಸಿದ ನಂತರ ಕೇಳಿಬಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಬಹುದು. ಆದ್ದರಿಂದ ಏನನ್ನು, ಯಾವ ಹಂತದಲ್ಲಿ, ಯಾವ ಸಾಧನದ ಮೂಲಕ ಕೇಳಲಾಗುತ್ತಿದೆ ಎಂಬ ಅರಿವು ಮನೆಯ ಧ್ವನಿಮುದ್ರಣಕ್ಕೆ ಅಡಿಪಾಯವಾಗಿದೆ.

ಇತಿಹಾಸ

ಹಳೆಯ ಮುದ್ರಣವನ್ನು ಕೇಳುತ್ತ ಹೊಸದನ್ನು ಸೇರಿಸುವ ಪ್ರಯೋಗಗಳನ್ನು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಜನಪ್ರಿಯಗೊಳಿಸಿದರು. 1948ರಲ್ಲಿ ಬಿಡುಗಡೆಯಾದ ಅವರ 'ಲವರ್' ಎಂಬ ಮುದ್ರಿಕೆಯಲ್ಲಿ ಗಿಟಾರಿನ ಎಂಟು ಭಾಗಗಳನ್ನು ಒಂದರ ಮೇಲೊಂದು ಸೇರಿಸಲಾಗಿತ್ತು. ಒಂದು ತಟ್ಟೆಯಲ್ಲಿ ದಾಖಲಾದುದನ್ನು ಕೇಳುತ್ತ, ಅದರ ಜೊತೆಗೆ ಹೊಸ ಭಾಗವನ್ನು ನುಡಿಸಿ, ಎರಡನ್ನೂ ಮತ್ತೊಂದು ತಟ್ಟೆಗೆ ಇಳಿಸುವುದು ಆ ವಿಧಾನ. ಪ್ರತಿ ಹಂತದಲ್ಲಿಯೂ ಹಳೆಯ ಭಾಗಗಳ ನಡುವಿನ ಪ್ರಮಾಣ ಸ್ಥಿರವಾಗಿಬಿಡುತ್ತಿದ್ದುದರಿಂದ ಅದನ್ನು ಆ ಕ್ಷಣದಲ್ಲಿಯೇ ಸರಿಯಾಗಿ ಕೇಳಿ ನಿರ್ಧರಿಸಬೇಕಾಗಿತ್ತು. ಮುಂದೆ ಅವರು ಟೇಪ್ ಯಂತ್ರಕ್ಕೆ ಹೆಚ್ಚುವರಿ ಹೆಡ್ ಒಂದನ್ನು ಜೋಡಿಸಿ ಇದೇ ಕೆಲಸವನ್ನು ಒಂದೇ ಯಂತ್ರದಲ್ಲಿ ಮಾಡಿದರು. ಆ ಕ್ರಮದಲ್ಲಿ ಹೊಸ ಪದರ ಸೇರುತ್ತಿದ್ದಂತೆ ಹಳೆಯದು ಅಳಿಸಿಹೋಗುತ್ತಿತ್ತು. ಕೊನೆಯ ಪದರದಲ್ಲಿ ತಪ್ಪಿದರೆ ಮೊದಲಿನ ಎಲ್ಲ ಶ್ರಮವೂ ವ್ಯರ್ಥವಾಗುತ್ತಿತ್ತು.

ಪ್ರತಿ ಭಾಗಕ್ಕೂ ಪ್ರತ್ಯೇಕ ಟ್ರ್ಯಾಕ್ ಇರುವ ಯಂತ್ರದಲ್ಲಿ ಮತ್ತೊಂದು ತೊಡಕು ಎದುರಾಯಿತು. ಟೇಪ್ ಯಂತ್ರದಲ್ಲಿ ಅಳಿಸುವ ಹೆಡ್, ಮುದ್ರಿಸುವ ಹೆಡ್ ಮತ್ತು ನುಡಿಸುವ ಹೆಡ್ ಒಂದರ ಮುಂದೊಂದು ಇರುತ್ತವೆ. ಕಲಾವಿದರು ನುಡಿಸುವ ಹೆಡ್‌ನಿಂದ ಹಳೆಯ ಟ್ರ್ಯಾಕ್ ಕೇಳುತ್ತ ಹಾಡಿದರೆ, ಅವರ ಧ್ವನಿ ಅದಕ್ಕಿಂತ ಹಿಂದಿರುವ ಮುದ್ರಿಸುವ ಹೆಡ್‌ನಲ್ಲಿ, ಟೇಪಿನ ಬೇರೆ ಜಾಗದಲ್ಲಿ ದಾಖಲಾಗುತ್ತದೆ. ಎರಡು ಹೆಡ್‌ಗಳ ನಡುವೆ 5 ಸೆಂ.ಮೀ. ಅಂತರವಿದ್ದು ಟೇಪ್ ಸೆಕೆಂಡಿಗೆ 38 ಸೆಂ.ಮೀ. ವೇಗದಲ್ಲಿ ಓಡುತ್ತಿದ್ದರೆ ಈ ವ್ಯತ್ಯಾಸ ಸುಮಾರು 0.13 ಸೆಕೆಂಡು. ತಾಳ ತಪ್ಪಿದಂತೆ ಕೇಳಲು ಇಷ್ಟು ಸಾಕು. ಆಂಪೆಕ್ಸ್ ಸಂಸ್ಥೆಯಲ್ಲಿ ರಾಸ್ ಸ್ನೈಡರ್ ರೂಪಿಸಿದ 'ಸೆಲ್-ಸಿಂಕ್' ವಿಧಾನವು ಇದಕ್ಕೆ ಪರಿಹಾರ ಒದಗಿಸಿತು. ಅದರಲ್ಲಿ ಮುದ್ರಿಸುವ ಹೆಡ್‌ನ ಒಂದು ಟ್ರ್ಯಾಕ್ ಹೊಸ ಧ್ವನಿಯನ್ನು ದಾಖಲಿಸುತ್ತಿರುವಾಗ, ಅದೇ ಹೆಡ್‌ನ ಉಳಿದ ಟ್ರ್ಯಾಕ್‌ಗಳು ಹಳೆಯ ಧ್ವನಿಯನ್ನು ಓದಿ ಕೇಳಿಸುತ್ತವೆ. ಕೇಳುವ ಜಾಗ ಮತ್ತು ಮುದ್ರಿಸುವ ಜಾಗ ಒಂದೇ ಆದುದರಿಂದ ಕಾಲವ್ಯತ್ಯಾಸ ಇಲ್ಲವಾಯಿತು. ಈ ಸೌಲಭ್ಯವುಳ್ಳ 8 ಟ್ರ್ಯಾಕ್‌ಗಳ ಯಂತ್ರವೊಂದು 1957ರಲ್ಲಿ ಲೆಸ್ ಪಾಲ್ ಅವರ ಮನೆಯ ಸ್ಟುಡಿಯೊಗೆ ಬಂದಿತು.

1970ರ ದಶಕದ ಆರಂಭದಲ್ಲಿ ಟಿಯಾಕ್ ಸಂಸ್ಥೆಯ 3340 ಮಾದರಿಯ ಯಂತ್ರವು ಕಾಲು ಇಂಚಿನ ಟೇಪಿನ ಮೇಲೆ 4 ಟ್ರ್ಯಾಕ್‌ಗಳನ್ನು ಇದೇ ತತ್ತ್ವದಂತೆ ದಾಖಲಿಸುವ ಅನುಕೂಲವನ್ನು ಹವ್ಯಾಸಿಗಳಿಗೆ ಒದಗಿಸಿತು. 1979ರಲ್ಲಿ ಟಿಯಾಕ್‌ನ ಟಾಸ್ಕಾಮ್ ವಿಭಾಗವು ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವನ್ನು ಹೊರತಂದಿತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ 4 ಟ್ರ್ಯಾಕ್‌ಗಳನ್ನು ಒಂದೇ ದಿಕ್ಕಿನಲ್ಲಿ ದಾಖಲಿಸುವ ಈ ಯಂತ್ರದಲ್ಲಿ ಮಿಕ್ಸರ್, ಧ್ವನಿಮುದ್ರಕ ಮತ್ತು ಮಾನಿಟರ್ ವಿಭಾಗಗಳು ಒಂದೇ ಪೆಟ್ಟಿಗೆಯಲ್ಲಿದ್ದವು. ಟೇಪಿನ ವೇಗ ಸಾಮಾನ್ಯ ಕ್ಯಾಸೆಟ್ಟಿನ ಎರಡರಷ್ಟು, ಅಂದರೆ ಸೆಕೆಂಡಿಗೆ ಸುಮಾರು 9.5 ಸೆಂ.ಮೀ. ಇತ್ತು. 1982ರಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಮನೆಯಲ್ಲಿ ಇದೇ ಮಾದರಿಯ ಯಂತ್ರದಲ್ಲಿ ಹಾಡುಗಳ ಕರಡು ಮುದ್ರಣ ಮಾಡಿದರು. ಸ್ಟುಡಿಯೊದಲ್ಲಿ ವಾದ್ಯವೃಂದದೊಂದಿಗೆ ಮತ್ತೆ ಹಾಡಿದಾಗ ಕರಡಿನ ಭಾವ ದೊರೆಯದ ಕಾರಣ ಆ ಕ್ಯಾಸೆಟ್ಟನ್ನೇ ಆಧರಿಸಿ 'ನೆಬ್ರಾಸ್ಕಾ' ಎಂಬ ಆಲ್ಬಮ್ ಅನ್ನು ಅದೇ ವರ್ಷ ಬಿಡುಗಡೆ ಮಾಡಲಾಯಿತು. ಕರಡೆಂದು ಮಾಡಿದ ಮುದ್ರಣವೇ ಅಂತಿಮವಾಗಬಹುದು ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಹೇಳಲಾಗುತ್ತದೆ.

1990ರ ದಶಕದಿಂದ ಡಿಜಿಟಲ್ ಧ್ವನಿಮುದ್ರಕಗಳೂ ಅನಂತರ ಗಣಕಯಂತ್ರದ ತಂತ್ರಾಂಶಗಳೂ ಮನೆಗಳಿಗೆ ಬಂದವು. ಟೇಪಿನ ಹಲವು ಮಿತಿಗಳು ಇವುಗಳಲ್ಲಿ ಇಲ್ಲವಾದರೂ ಮಾನಿಟರಿಂಗ್‌ನ ಮೂಲ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಮಾನಿಟರಿಂಗ್‌ನ ವಿಧಗಳು

ಸಂಕೇತವನ್ನು ಅದರ ಹಾದಿಯ ಯಾವ ಬಿಂದುವಿನಲ್ಲಿ ಆಲಿಸಲಾಗುತ್ತದೆ ಎಂಬುದನ್ನು ಆಧರಿಸಿ ಮೂರು ವಿಧಗಳನ್ನು ಗುರುತಿಸಬಹುದು.

ಇನ್‌ಪುಟ್ ಮಾನಿಟರಿಂಗ್‌ನಲ್ಲಿ ಮೈಕ್ ಅಥವಾ ವಾದ್ಯದಿಂದ ಬರುವ ಸಂಕೇತವನ್ನು ಅದು ದಾಖಲಾಗುವುದಕ್ಕೆ ಮೊದಲೇ ಕೇಳಲಾಗುತ್ತದೆ. ಮಟ್ಟ ಹೊಂದಿಸುವುದು, ಮೈಕಿನ ಜಾಗ ಆರಿಸುವುದು, ಕೇಬಲ್ಲಿನ ಗುಂಯ್‌ಗುಡುವಿಕೆ ಪತ್ತೆಹಚ್ಚುವುದು ಈ ಹಂತದ ಕೆಲಸಗಳು.

ಸಿಂಕ್ ಮಾನಿಟರಿಂಗ್‌ನಲ್ಲಿ ಹಳೆಯ ಟ್ರ್ಯಾಕ್‌ಗಳನ್ನು ಹೊಸ ಮುದ್ರಣದೊಂದಿಗೆ ಕಾಲಬದ್ಧವಾಗಿ ಕೇಳಲಾಗುತ್ತದೆ. ಮೂರು ಹೆಡ್‌ಗಳ ಟೇಪ್ ಯಂತ್ರಗಳಲ್ಲಿ ಮುದ್ರಿಸುವ ಹೆಡ್‌ನ ಸೀಳು ನುಡಿಸುವ ಹೆಡ್‌ನ ಸೀಳಿಗಿಂತ ಅಗಲವಾಗಿರುವುದರಿಂದ ಸಿಂಕ್ ಸ್ಥಿತಿಯಲ್ಲಿ ಎತ್ತರದ ಕಂಪನಾಂಕಗಳು ಮಂದವಾಗಿ ಕೇಳಿಸುತ್ತವೆ. ಇದು ಮುದ್ರಣದ ದೋಷವಲ್ಲ. ನುಡಿಸುವ ಹೆಡ್‌ನಿಂದ ಕೇಳಿದಾಗ ಅದೇ ಟ್ರ್ಯಾಕ್ ಸ್ಪಷ್ಟವಾಗಿರುತ್ತದೆ.

ಟೇಪ್ ಮಾನಿಟರಿಂಗ್‌ನಲ್ಲಿ ಆಗತಾನೇ ದಾಖಲಾದ ಧ್ವನಿಯನ್ನು ನುಡಿಸುವ ಹೆಡ್‌ನಿಂದ, ಅಲ್ಪ ವಿಳಂಬದೊಂದಿಗೆ ಕೇಳಲಾಗುತ್ತದೆ. ಧ್ವನಿ ನಿಜವಾಗಿಯೂ ಟೇಪಿನ ಮೇಲೆ ಕುಳಿತಿದೆ ಎಂಬುದಕ್ಕೆ ಇದು ನೇರ ಸಾಕ್ಷಿ.

ಪೋರ್ಟಾಸ್ಟುಡಿಯೊ ಮಾದರಿಯ ಕ್ಯಾಸೆಟ್ ಯಂತ್ರಗಳಲ್ಲಿ ಮುದ್ರಿಸಲೂ ನುಡಿಸಲೂ ಒಂದೇ ಹೆಡ್ ಇರುತ್ತದೆ. ಆದ್ದರಿಂದ ಸಿಂಕ್ ತಾನಾಗಿಯೇ ದೊರೆಯುತ್ತದೆ, ಆದರೆ ಮೂರನೆಯ ವಿಧಕ್ಕೆ ಅವಕಾಶವೇ ಇರುವುದಿಲ್ಲ. ಮುದ್ರಣದ ಹೊತ್ತಿನಲ್ಲಿ ಹೆಡ್‌ಫೋನಿನಲ್ಲಿ ಕೇಳುವುದು ಯಂತ್ರಕ್ಕೆ ಹೋಗುತ್ತಿರುವ ಧ್ವನಿಯನ್ನೇ ಹೊರತು ಟೇಪಿನಲ್ಲಿ ಉಳಿದುದನ್ನಲ್ಲ. ಹೆಡ್‌ನ ಮೇಲೆ ಧೂಳು ಕುಳಿತಿದ್ದರೆ ಅಥವಾ ಟೇಪ್ ಸುಕ್ಕಾಗಿದ್ದರೆ ಹಾಡುವಾಗ ಎಲ್ಲವೂ ಚೆನ್ನಾಗಿಯೇ ಕೇಳಿಸಿ, ಹಿಂದಕ್ಕೆ ಸುತ್ತಿ ನುಡಿಸಿದಾಗ ಧ್ವನಿ ಮಸುಕಾಗಿರುತ್ತದೆ. ಹೆಡ್ ಶುಚಿಗೊಳಿಸಿ, ಅರ್ಧ ನಿಮಿಷ ಪರೀಕ್ಷಾ ಮುದ್ರಣ ಮಾಡಿ, ಅದನ್ನು ನುಡಿಸಿ ಕೇಳಿದ ನಂತರವೇ ಹಾಡಿಗೆ ತೊಡಗುವ ರೂಢಿ ಈ ಕಾರಣದಿಂದ ಬಂದಿದೆ.

ಮುದ್ರಣದ ಹಾದಿ ಮತ್ತು ಆಲಿಸುವ ಹಾದಿ

ಮನೆಯ ಮಲ್ಟಿಟ್ರ್ಯಾಕ್ ಯಂತ್ರದಲ್ಲಿ ಎರಡು ಹಾದಿಗಳು ಸಮಾನಾಂತರವಾಗಿ ಸಾಗುತ್ತವೆ. ಮೊದಲನೆಯದು ಮೈಕ್, ಟ್ರಿಮ್ ಗುಬುಟು, ಚಾನೆಲ್ ಫೇಡರ್ ಮತ್ತು ಬಸ್ ಮೂಲಕ ಟ್ರ್ಯಾಕನ್ನು ತಲುಪುವ ಮುದ್ರಣದ ಹಾದಿ. ಎರಡನೆಯದು ಟ್ರ್ಯಾಕ್‌ಗಳಿಂದ ಹಾಗೂ ಬಸ್‌ನಿಂದ ಹೊರಟು ಮಾನಿಟರ್ ಗುಬುಟುಗಳ ಮೂಲಕ ಹೆಡ್‌ಫೋನನ್ನು ತಲುಪುವ ಆಲಿಸುವ ಹಾದಿ. ಎರಡನೆಯ ಹಾದಿಯಲ್ಲಿ ಮಾಡುವ ಯಾವ ಬದಲಾವಣೆಯೂ ದಾಖಲಾಗುವ ಧ್ವನಿಯನ್ನು ಮುಟ್ಟುವುದಿಲ್ಲ.

ಈ ಭೇದವನ್ನು ಮರೆಯುವುದು ಹೊಸಬರಲ್ಲಿ ಹೆಚ್ಚಾಗಿ ಕಾಣುವ ತಪ್ಪು. ಧ್ವನಿ ಸಣ್ಣದಾಗಿ ಕೇಳುತ್ತಿದೆಯೆಂದು ಹೆಡ್‌ಫೋನಿನ ಗುಬುಟನ್ನು ತಿರುಗಿಸಿದರೆ ಕಿವಿಗೆ ತೃಪ್ತಿಯಾಗುತ್ತದೆ, ಆದರೆ ಟ್ರ್ಯಾಕ್‌ನಲ್ಲಿ ಕ್ಷೀಣ ಸಂಕೇತವೇ ದಾಖಲಾಗುತ್ತದೆ. ಮುಂದೆ ಅದನ್ನು ಹೆಚ್ಚಿಸಿದಾಗ ಟೇಪಿನ ಸರಸರ ಸದ್ದೂ ಜೊತೆಯಲ್ಲಿ ಹೆಚ್ಚುತ್ತದೆ. ಧ್ವನಿ ಒಡೆಯುತ್ತಿದೆಯೆಂದು ಹೆಡ್‌ಫೋನನ್ನು ತಗ್ಗಿಸುವುದೂ ಇಷ್ಟೇ ನಿರರ್ಥಕ, ಏಕೆಂದರೆ ಒಡಕು ಟ್ರಿಮ್ ಹಂತದಲ್ಲಿಯೇ ಉಂಟಾಗಿದ್ದರೆ ಅದು ಹಾಗೆಯೇ ದಾಖಲಾಗುತ್ತದೆ. ಮೊದಲು ಟ್ರಿಮ್, ನಂತರ ಫೇಡರ್, ಕೊನೆಗೆ ಹೆಡ್‌ಫೋನ್ ಎಂಬ ಕ್ರಮದಲ್ಲಿ ಹೊಂದಿಸಿದರೆ ದೋಷದ ಮೂಲವನ್ನು ಗುರುತಿಸುವುದು ಸುಲಭ.

ಮಟ್ಟದ ಮಾಪನ

ಕಿವಿ ಮಟ್ಟದ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುವುದರಿಂದ ಮಾಪಕದ ನೆರವು ಅಗತ್ಯ. ವಿಯು ಮಾಪಕದ ಮುಳ್ಳು ಸ್ಥಿರ ಸಂಕೇತವೊಂದರ ಮಟ್ಟವನ್ನು ತಲುಪಲು ಸುಮಾರು 300 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಆದ್ದರಿಂದ ಅದು ಕಿವಿಗೆ ಅನಿಸುವ ಗಟ್ಟಿತನಕ್ಕೆ ಹತ್ತಿರವಾದ ಸರಾಸರಿಯನ್ನು ತೋರಿಸುತ್ತದೆ. ತಾಳವಾದ್ಯದ ಪೆಟ್ಟಿನಂತಹ ಕ್ಷಣಿಕ ಧ್ವನಿಗಳ ಶಿಖರಗಳು ಮುಳ್ಳು ತೋರಿಸುವುದಕ್ಕಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಎತ್ತರದಲ್ಲಿರಬಹುದು. ಶಿಖರ ಮಾಪಕಗಳು ಇಂತಹ ಏರಿಕೆಗಳನ್ನು ಹಿಡಿಯುತ್ತವೆ.

ಟೇಪಿನ ಸಾಮರ್ಥ್ಯ ಮೀರಿದಾಗ ಧ್ವನಿ ಕ್ರಮೇಣ ವಿಕಾರಗೊಳ್ಳುತ್ತದೆ. ಟೇಪಿನ ಸದ್ದನ್ನು ಮರೆಮಾಡಲು ತುಸು ಎತ್ತರದ ಮಟ್ಟದಲ್ಲಿಯೇ ಮುದ್ರಿಸುವುದು ಕ್ಯಾಸೆಟ್ ಯಂತ್ರಗಳಲ್ಲಿ ವಾಡಿಕೆ. ಡಿಜಿಟಲ್ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಶೂನ್ಯ ಡೆಸಿಬೆಲ್ ಎಂಬುದು ಅತ್ಯುನ್ನತ ಮಿತಿ, ಅದನ್ನು ಮೀರಿದ ಭಾಗ ಥಟ್ಟನೆ ಕತ್ತರಿಸಿಹೋಗುತ್ತದೆ, ಮತ್ತೆ ಸರಿಪಡಿಸುವುದು ಕಷ್ಟ. 16 ಬಿಟ್ ಮುದ್ರಣಕ್ಕೆ ತಾತ್ತ್ವಿಕವಾಗಿ ಸುಮಾರು 96 ಡೆಸಿಬೆಲ್, 24 ಬಿಟ್ ಮುದ್ರಣಕ್ಕೆ ಸುಮಾರು 144 ಡೆಸಿಬೆಲ್ ವ್ಯಾಪ್ತಿ ಇರುವುದರಿಂದ 24 ಬಿಟ್ ಯಂತ್ರಗಳಲ್ಲಿ ಶಿಖರಗಳನ್ನು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇಟ್ಟರೂ ಗುಣಮಟ್ಟಕ್ಕೆ ಕುಂದುಂಟಾಗುವುದಿಲ್ಲ. ಮಟ್ಟ ಹೊಂದಿಸುವಾಗ ಹಾಡಿನ ಅತ್ಯಂತ ಗಟ್ಟಿಯಾದ ಭಾಗವನ್ನು ಹಾಡಿಸುವುದು ಮುಖ್ಯ. ಪರೀಕ್ಷೆಯ ವೇಳೆ ಮೆಲ್ಲಗೆ ಹಾಡಿದವರು ನಿಜವಾದ ಮುದ್ರಣದ ವೇಳೆ ಉತ್ಸಾಹದಿಂದ ಧ್ವನಿ ಏರಿಸುವುದು ಸಾಮಾನ್ಯ.

ಡಿಜಿಟಲ್ ವಿಳಂಬ

ಗಣಕಯಂತ್ರ ಆಧಾರಿತ ಮುದ್ರಣದಲ್ಲಿ ಧ್ವನಿಯು ಅಂಕಿಗಳಾಗಿ ಪರಿವರ್ತನೆಗೊಂಡು, ತಂತ್ರಾಂಶದ ಮೂಲಕ ಹಾದು, ಮತ್ತೆ ಧ್ವನಿಯಾಗಿ ಹೆಡ್‌ಫೋನಿಗೆ ಮರಳುತ್ತದೆ. ಈ ಪಯಣಕ್ಕೆ ತಗಲುವ ಕಾಲವೇ ವಿಳಂಬ. ಇದರ ಬಹುಪಾಲು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಿಂದ ಉಂಟಾಗುತ್ತದೆ. ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ 128 ಮಾದರಿಗಳ ಬಫರ್ ಸುಮಾರು 2.9 ಮಿಲಿಸೆಕೆಂಡು, 256 ಮಾದರಿಗಳದ್ದು 5.8 ಮಿಲಿಸೆಕೆಂಡು, 512 ಮಾದರಿಗಳದ್ದು 11.6 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬಫರ್ ಇರುವುದರಿಂದ ಒಟ್ಟು ವಿಳಂಬ ಇದರ ಎರಡರಷ್ಟಕ್ಕಿಂತ ತುಸು ಹೆಚ್ಚಾಗುತ್ತದೆ.

ಧ್ವನಿಯು ಗಾಳಿಯಲ್ಲಿ 1 ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂ.ಮೀ. ಸಾಗುತ್ತದೆ. ಹಾಗಾಗಿ 10 ಮಿಲಿಸೆಕೆಂಡಿನ ವಿಳಂಬವೆಂದರೆ ಸುಮಾರು 3.4 ಮೀಟರ್ ದೂರದಲ್ಲಿರುವ ಸ್ಪೀಕರಿನಿಂದ ಕೇಳಿದಂತೆ. ಗಿಟಾರ್ ಅಥವಾ ಕೀಬೋರ್ಡ್ ನುಡಿಸುವವರು ಇದನ್ನು ಸಹಿಸಬಲ್ಲರು. ಗಾಯಕರ ಸ್ಥಿತಿ ಬೇರೆ. ಅವರು ತಮ್ಮ ಧ್ವನಿಯನ್ನು ತಲೆಬುರುಡೆಯ ಮೂಳೆಗಳ ಮೂಲಕ ತಕ್ಷಣವೂ ಹೆಡ್‌ಫೋನಿನಿಂದ ತಡವಾಗಿಯೂ ಕೇಳುತ್ತಾರೆ. ಎರಡೂ ಕೂಡಿದಾಗ ಕೆಲವು ಕಂಪನಾಂಕಗಳು ಪರಸ್ಪರ ಅಳಿಸಿಕೊಳ್ಳುತ್ತವೆ. 1 ಮಿಲಿಸೆಕೆಂಡಿನ ವಿಳಂಬವಿದ್ದರೆ 500, 1500, 2500 ಹರ್ಟ್ಜ್‌ಗಳಲ್ಲಿ ಈ ಅಳಿಕೆ ಉಂಟಾಗಿ ಸ್ವಂತ ಧ್ವನಿಯೇ ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ.

ಇದನ್ನು ತಪ್ಪಿಸಲು ಆಡಿಯೊ ಇಂಟರ್‌ಫೇಸ್‌ಗಳಲ್ಲಿ ನೇರ ಮಾನಿಟರಿಂಗ್ ಸೌಲಭ್ಯ ಇರುತ್ತದೆ. ಒಳಬಂದ ಸಂಕೇತದ ಒಂದು ಪಾಲನ್ನು ಗಣಕಯಂತ್ರಕ್ಕೆ ಕಳುಹಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವುದು ಇದರ ಕ್ರಮ. ಆಗ ತಂತ್ರಾಂಶದಲ್ಲಿ ಅದೇ ಟ್ರ್ಯಾಕ್‌ನ ಇನ್‌ಪುಟ್ ಮಾನಿಟರಿಂಗನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಒಂದೇ ಧ್ವನಿ ಎರಡು ಬಾರಿ ಕೇಳುತ್ತದೆ.

ಹೆಡ್‌ಫೋನ್ ಮಿಶ್ರಣ

ಹಾಡುವವರಿಗೆ ಕೇಳಿಸುವ ಮಿಶ್ರಣವು ಅಂತಿಮ ಮಿಶ್ರಣದಂತೆಯೇ ಇರಬೇಕಾಗಿಲ್ಲ. ಅದರ ಉದ್ದೇಶ ಶ್ರುತಿ ಮತ್ತು ಲಯಕ್ಕೆ ಆಧಾರ ಒದಗಿಸುವುದು. ಸುತ್ತಲಿನ ಸದ್ದು ಹೆಚ್ಚಾದಂತೆ ಮನುಷ್ಯರು ತಮಗರಿವಿಲ್ಲದೆ ಧ್ವನಿ ಏರಿಸುವುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು. ಹೆಡ್‌ಫೋನಿನಲ್ಲಿ ವಾದ್ಯಗಳು ಗಟ್ಟಿಯಾಗಿ ಸ್ವಂತ ಕಂಠ ಕ್ಷೀಣವಾಗಿದ್ದರೆ ಗಾಯಕರು ಕಿರುಚುವಂತಾಗುವುದು ಇದೇ ಕಾರಣದಿಂದ. ಕಂಠವೇ ಅತಿಯಾಗಿ ಕೇಳಿಸಿದರೆ ಅವರು ಅಳುಕಿ ಮೆಲ್ಲಗೆ ಹಾಡುತ್ತಾರೆ. ಹೆಡ್‌ಫೋನಿನಲ್ಲಿ ಮಾತ್ರ ಸ್ವಲ್ಪ ಪ್ರತಿಧ್ವನಿ ಸೇರಿಸಿ, ಟ್ರ್ಯಾಕ್‌ನಲ್ಲಿ ಶುದ್ಧ ಧ್ವನಿಯನ್ನೇ ದಾಖಲಿಸುವುದು ಬಳಕೆಯಲ್ಲಿರುವ ಕ್ರಮ.

ಮೈಕಿನ ಎದುರು ಮುಚ್ಚಿದ ಬಗೆಯ ಹೆಡ್‌ಫೋನ್ ಸೂಕ್ತ. ತೆರೆದ ಬಗೆಯದರಿಂದ ಧ್ವನಿ ಸೋರಿ ಮೈಕನ್ನು ಸೇರುತ್ತದೆ. ತಾಳಕ್ಕಾಗಿ ಹಾಕಿದ ಕ್ಲಿಕ್ ಸದ್ದು ಹೀಗೆ ಸೋರಿದರೆ ವಾದ್ಯಗಳು ನಿಂತ ಮೌನದ ಜಾಗದಲ್ಲಿ ಅದು ಎದ್ದು ಕೇಳುತ್ತದೆ. ಭಾರತೀಯ ಸಂಗೀತದ ಮುದ್ರಣದಲ್ಲಿ ತಂಬೂರಿಯ ನಾದ ಕಂಠದ ಟ್ರ್ಯಾಕ್‌ಗೆ ಸೋರಿದರೆ ಮುಂದೆ ತಂಬೂರಿಯ ಪ್ರಮಾಣವನ್ನು ಸ್ವತಂತ್ರವಾಗಿ ಬದಲಿಸಲಾಗುವುದಿಲ್ಲ. ಶ್ರುತಿಯನ್ನು ಸಹಜವಾಗಿ ಗ್ರಹಿಸಲು ಹಲವು ಗಾಯಕರು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿಕೊಳ್ಳುತ್ತಾರೆ. ಆಗ ಆ ಬದಿಯ ಧ್ವನಿಯನ್ನು ನಿಲ್ಲಿಸಿ, ಇಡೀ ಮಿಶ್ರಣವನ್ನು ಇನ್ನೊಂದು ಕಿವಿಗೆ ಕೊಟ್ಟರೆ ಸೋರಿಕೆ ತಪ್ಪುತ್ತದೆ. ಮೈಕ್ ತೆರೆದಿರುವಾಗ ಸ್ಪೀಕರ್ ಬಳಸಿದರೆ ಸೋರಿಕೆಯ ಜೊತೆಗೆ ಕೀರಲು ಪ್ರತಿಪೋಷಣೆಯೂ ಉಂಟಾಗಬಹುದು.

ಟ್ರ್ಯಾಕ್ ಕೂಡಿಸುವಿಕೆ ಮತ್ತು ತಿದ್ದುಪಡಿ

ನಾಲ್ಕೇ ಟ್ರ್ಯಾಕ್‌ಗಳಿರುವ ಯಂತ್ರದಲ್ಲಿ ಮೂರು ಟ್ರ್ಯಾಕ್‌ಗಳನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಆ ಮೂರನ್ನು ಹೊಸ ಮುದ್ರಣಕ್ಕೆ ತೆರವುಗೊಳಿಸುವುದನ್ನು ಬೌನ್ಸಿಂಗ್ ಎನ್ನುತ್ತಾರೆ. ಹಳೆಯ ಟ್ರ್ಯಾಕ್‌ಗಳ ಮೇಲೆ ಹೊಸದು ಬಂದ ನಂತರ ಬೆರಕೆಯ ಪ್ರಮಾಣವನ್ನು ಬದಲಿಸಲು ಸಾಧ್ಯವಿಲ್ಲ. ಆದ್ದರಿಂದ ಬೌನ್ಸಿಂಗ್ ವೇಳೆ ಮಾನಿಟರ್ ಗುಬುಟುಗಳ ಮಿಶ್ರಣವನ್ನಲ್ಲ, ನಾಲ್ಕನೆಯ ಟ್ರ್ಯಾಕ್‌ಗೆ ಹೋಗುತ್ತಿರುವ ಬಸ್ ಒಂದನ್ನೇ ಆಲಿಸಬೇಕು. ಬೌನ್ಸ್ ಮುಗಿದ ಮೇಲೆ ನಾಲ್ಕನೆಯ ಟ್ರ್ಯಾಕನ್ನು ಮಾತ್ರ ಆರಂಭದಿಂದ ಕೊನೆಯವರೆಗೆ ಕೇಳಿ, ಅನಂತರವೇ ಉಳಿದವುಗಳ ಮೇಲೆ ಮುದ್ರಿಸುವುದು ಕ್ಷೇಮ. ಪಕ್ಕಪಕ್ಕದ ಟ್ರ್ಯಾಕ್‌ಗಳ ನಡುವೆ ಬೌನ್ಸ್ ಮಾಡಿದರೆ ಹೆಡ್‌ನೊಳಗಿನ ಸಂಕೇತ ಸೋರಿಕೆಯಿಂದ ಪ್ರತಿಪೋಷಣೆ ಉಂಟಾಗುವ ಸಂಭವವೂ ಇದೆ.

ಹಾಡಿನ ನಡುವಿನ ಒಂದು ಸಾಲನ್ನಷ್ಟೇ ಮತ್ತೆ ಮುದ್ರಿಸುವುದು ಪಂಚ್-ಇನ್. ಇದರಲ್ಲಿ ತಪ್ಪಾದ ಸಾಲಿನವರೆಗೆ ಹಳೆಯ ಟ್ರ್ಯಾಕ್, ಆ ಸಾಲಿನಲ್ಲಿ ಹೊಸ ಧ್ವನಿ, ನಂತರ ಮತ್ತೆ ಹಳೆಯ ಟ್ರ್ಯಾಕ್ ಕೇಳಿಸಬೇಕು. ಹಲವು ಯಂತ್ರಗಳು ಈ ಬದಲಾವಣೆಯನ್ನು ತಾವೇ ಮಾಡುತ್ತವೆ. ಪಂಚ್-ಇನ್‌ಗೆ ಮುನ್ನ ಗಾಯಕರು ಹಳೆಯ ಧ್ವನಿಯ ಜೊತೆಗೆ ಹಾಡಿಕೊಂಡು ಬಂದರೆ ಉಸಿರೂ ಗಟ್ಟಿತನವೂ ಹೊಂದಿ ಜೋಡಣೆ ಗುರುತು ಸಿಗದಂತಾಗುತ್ತದೆ.

ಸ್ಪೀಕರ್ ಮತ್ತು ಕೋಣೆ

ಟ್ರ್ಯಾಕ್‌ಗಳು ಮುಗಿದ ಮೇಲೆ ಅವುಗಳ ಪ್ರಮಾಣ ನಿರ್ಧರಿಸಲು ಸ್ಪೀಕರ್ ಬಳಸುವುದು ವಾಡಿಕೆ. ಹೆಡ್‌ಫೋನಿನಲ್ಲಿ ಎಡ ಮತ್ತು ಬಲ ಧ್ವನಿಗಳು ಪೂರ್ತಿ ಬೇರೆಯಾಗಿ ಕೇಳುವುದೇ ಇದಕ್ಕೆ ಕಾರಣ. ಸಣ್ಣ ಕೋಣೆಗಳಲ್ಲಿ ಕೇಳುಗರ ಸನಿಹದಲ್ಲಿಯೇ ಇಡುವ ಚಿಕ್ಕ ಸ್ಪೀಕರುಗಳು ಅನುಕೂಲಕರ. ಎರಡು ಸ್ಪೀಕರುಗಳೂ ಕೇಳುಗರ ತಲೆಯೂ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿ, ಕಿವಿಯ ಎತ್ತರದಲ್ಲಿ ಇರಬೇಕು. ಗೋಡೆಗೆ ಅಥವಾ ಮೂಲೆಗೆ ಒತ್ತರಿಸಿದರೆ ಮಂದ್ರ ಧ್ವನಿ ಉಬ್ಬಿ ಕೇಳುತ್ತದೆ. ಯಮಾಹಾ ಸಂಸ್ಥೆ 1978ರಲ್ಲಿ ಮನೆಬಳಕೆಗೆಂದು ಹೊರತಂದ ಎನ್‌ಎಸ್-10 ಸ್ಪೀಕರ್ ಮುಂದೆ ಜಗತ್ತಿನ ಅನೇಕ ಸ್ಟುಡಿಯೊಗಳಲ್ಲಿ ಮಿಶ್ರಣ ಪರೀಕ್ಷಿಸುವ ಸಾಧನವಾಯಿತು. ಮಿಶ್ರಣದ ಕೊರತೆಗಳನ್ನು ಅದು ಎತ್ತಿ ತೋರಿಸುತ್ತದೆ ಎಂಬುದೇ ಅದರ ಖ್ಯಾತಿ.

ಎದುರುಬದುರು ಗೋಡೆಗಳ ನಡುವೆ 3.4 ಮೀಟರ್ ಅಂತರವಿದ್ದರೆ ಸುಮಾರು 50 ಹರ್ಟ್ಜ್‌ನಲ್ಲಿ ಸ್ಥಾಯಿ ಅಲೆ ಏರ್ಪಟ್ಟು, ಗೋಡೆಯ ಬಳಿ ಆ ಸ್ವರ ಗಟ್ಟಿಯಾಗಿಯೂ ನಡುವೆ ಕ್ಷೀಣವಾಗಿಯೂ ಕೇಳುತ್ತದೆ. ಕುಳಿತ ಜಾಗದಲ್ಲಿ ಮಂದ್ರ ಧ್ವನಿ ಕಡಿಮೆಯೆಂದು ಅದನ್ನು ಹೆಚ್ಚಿಸಿದರೆ ಬೇರೆಡೆ ಆ ಹಾಡು ಗುಡುಗಿದಂತೆ ಕೇಳಬಹುದು. ಆಲಿಸುವ ಗಟ್ಟಿತನವೂ ಇಲ್ಲಿ ಮುಖ್ಯ. ಮಟ್ಟ ಕಡಿಮೆಯಾದಂತೆ ಕಿವಿ ಮಂದ್ರ ಧ್ವನಿಗಳನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಒಂದೇ ಸಾಧಾರಣ ಮಟ್ಟದಲ್ಲಿ ಕೆಲಸ ಮಾಡಿ, ಆಗಾಗ ಸಣ್ಣ ಸ್ಪೀಕರಿನಲ್ಲಿ, ಹೆಡ್‌ಫೋನಿನಲ್ಲಿ ಹಾಗೂ ಎರಡು ಬದಿಗಳನ್ನು ಕೂಡಿಸಿ ಮೋನೊದಲ್ಲಿ ಕೇಳಿ ನೋಡುವುದರಿಂದ ಇಂತಹ ಮೋಸಗಳು ಬಯಲಾಗುತ್ತವೆ. ಸ್ಟೀರಿಯೊದಲ್ಲಿ ಕೇಳಿಸಿದ ವಾದ್ಯವು ಮೋನೊದಲ್ಲಿ ಕ್ಷೀಣಿಸಿದರೆ ಎರಡು ಮೈಕ್‌ಗಳ ಸಂಕೇತಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ.

ಶ್ರವಣ ಸುರಕ್ಷತೆ

ದಣಿದ ಕಿವಿಗೆ ಎತ್ತರದ ಕಂಪನಾಂಕಗಳು ಮಂದವಾಗಿ ಕೇಳುವುದರಿಂದ ಮಟ್ಟವನ್ನು ಮತ್ತಷ್ಟು ಏರಿಸುವ ಪ್ರವೃತ್ತಿ ಉಂಟಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಹೀಗೆ 88 ಡೆಸಿಬೆಲ್‌ಗೆ 4 ಗಂಟೆ, 94 ಡೆಸಿಬೆಲ್‌ಗೆ 1 ಗಂಟೆ. ಹೆಡ್‌ಫೋನ್ ಧರಿಸುವ ಮೊದಲು ಗುಬುಟನ್ನು ತಗ್ಗಿಸುವುದು, ಮೈಕಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಕೊಡುವಾಗ ಅಥವಾ ಕೇಬಲ್ ಕೀಳುವಾಗ ಮಾನಿಟರನ್ನು ನಿಲ್ಲಿಸುವುದು, ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ನೀಡುವುದು ರೂಢಿಯ ಎಚ್ಚರಿಕೆಗಳು. ಅತಿಯಾದ ಸದ್ದಿನಿಂದ ಒಳಗಿವಿಯ ರೋಮಕೋಶಗಳು ನಾಶವಾದರೆ ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ.